ಇದ್ದಿಲು ಬಸ್ಸಿನ ಕೊಂಡಿ

ಯುದ್ಧದ ವರ್ಷಗಳಲ್ಲಿ ನಾನು ಕೋಲಾರದಲ್ಲಿ ಮೋಟಾರು ಇನ್ಸ್‌ಪೆಕ್ಟರಾಗಿದ್ದೆ. ಪೆಟ್ರೋಲು ಸಿಗುತ್ತಿರಲಿಲ್ಲ, ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಕೆಲವು ಬಸ್ಸುಗಳಿಗೆ ಗ್ಯಾಸಿನ ಒಲೆಯನ್ನು ಮೈಗೇ ಕಟ್ಟಿರುತ್ತಿದ್ದರು. ಇನ್ನು ಕೆಲವು ಅದನ್ನು ಎರಡು ಚಕ್ರದ ಸಣ್ಣ ಬಂಡಿಯ ಮೇಲೆ ಕೂರಿಸಿ ಹಿಂದೆ ಎಳೆದುಕೊಂಡು ಹೋಗುತ್ತಿದ್ದವು. ಸರ್ಕಾರಿ ಕಾಗದದಲ್ಲಿ ಅದು ಟ್ರೈಲರು, ಜನರ ಬಾಯಲ್ಲಿ ಬಾಲ. ಆ ಬಾಲವನ್ನು ಪರೀಕ್ಷಿಸಿ, ರಸ್ತೆಗೆ ಬಿಡಬಹುದು ಎಂದು ಬರೆದುಕೊಡುವುದು ನನ್ನ ಕೆಲಸ.

ಇವತ್ತು ಮುಳಬಾಗಿಲು, ನಾಳೆ ಶ್ರೀನಿವಾಸಪುರ. ಎಲ್ಲಿ ಹೋದರೂ ಗೋಣಿತಾಟು ಹಾಸಿಕೊಂಡು ಬಂಡಿಯ ಅಡಿಗೆ ತೂರಬೇಕು. ಬಂಡಿಯನ್ನು ಬಸ್ಸಿಗೆ ಸೇರಿಸುವ ಕೊಂಡಿ ಬಿರುಕು ಬಿಟ್ಟಿದೆಯೇ, ಅದು ಕಳಚಿದರೂ ಬಂಡಿಯನ್ನು ಹಿಡಿದುಕೊಳ್ಳಲು ಸರಪಳಿ ಇದೆಯೇ, ಚಕ್ರದ ನಟ್ಟು ಬಿಗಿಯಾಗಿದೆಯೇ, ಕೆಂಡ ಉದುರದಂತೆ ಬೂದಿಯ ಬಾಗಿಲು ಮುಚ್ಚುತ್ತದೆಯೇ ಎಂದು ನೋಡಬೇಕು. ಸಂಜೆ ಮುಖ ತೊಳೆದರೆ ನೀರು ಕಪ್ಪು, ಕೆಮ್ಮಿದರೆ ಕಫ ಕಪ್ಪು. ಇದೇ ಬದುಕಾಗಿಹೋಗಿತ್ತು.

ನಮ್ಮ ಮೊದಲ ಮಗು ಹುಟ್ಟಿದ್ದು ಮಾಸ್ತಿಯಲ್ಲಿ, ನನ್ನ ಹೆಂಡತಿಯ ತವರಿನಲ್ಲಿ. ನಾಮಕರಣಕ್ಕೆ ಮಧ್ಯಾಹ್ನದೊಳಗೆ ಮುಹೂರ್ತ ಇಟ್ಟಿದ್ದರು. ಅದೇ ದಿನ ಬೆಳಿಗ್ಗೆ ಮಾಲೂರಿನಲ್ಲಿ ಮಾಸ್ತಿಯ ಬಸ್ಸಿನ ಪರೀಕ್ಷೆ ಇತ್ತು. ನನಗೆ ಒಳ್ಳೆಯದೇ ಆಯಿತು. ಪರೀಕ್ಷೆ ಮುಗಿಸಿ ಅದೇ ಬಸ್ಸಿಗೆ ಹತ್ತಿಬಿಡುವುದು ಎಂದುಕೊಂಡು, ಹಿಂದಿನ ಸಂಜೆಯೇ ಮಾಲೂರಿಗೆ ಬಂದು ಮುಸಾಫಿರಖಾನೆಯಲ್ಲಿ ಮಲಗಿದೆ.

ಬೆಳಿಗ್ಗೆ ಹೋದಾಗ ಜನ ಆಗಲೇ ಬಸ್ಸಿನೊಳಗೆ ಕೂತಿದ್ದರು. ಬಸ್ಸಿನ ಯಜಮಾನನೇ ಡ್ರೈವರು, ನಗುಮುಖದ ಮನುಷ್ಯ. ಮುಂದಿನ ಸೀಟಿನ ಮೇಲೆ ಟವಲು ಹಾಸಿ ನನಗಾಗಿ ಹಿಡಿದಿಟ್ಟಿದ್ದ. ನಾನು ಬಂಡಿಯ ಅಡಿಗೆ ತೂರಿ, ಸೀಮೆಎಣ್ಣೆ ಬಟ್ಟೆಯಿಂದ ಕೊಂಡಿಯ ಮೇಲಿನ ಮಸಿ, ಗ್ರೀಸು ಒರೆಸಿದೆ. ಅದರ ಕತ್ತಿನ ಹತ್ತಿರ ಕೂದಲೆಳೆಯಂಥ ಬಿರುಕು ಕಂಡಿತು. ಮತ್ತೆ ಒರೆಸಿದೆ. ಬಿರುಕೇ.

"ಸರಪಳಿ ಎಲ್ಲಯ್ಯಾ?" ಎಂದೆ.

"ಬಾವಿ ಹಗ್ಗ ಕಿತ್ತೋಗಿತ್ತು ಸ್ವಾಮಿ. ಅದನ್ನ ಮನೇಲಿ ನೀರಿನ ಕೊಡಕ್ಕೆ ಕಟ್ಕೊಂಡವ್ರೆ. ನಾಳೆ ತಂದು ಹಾಕ್ತೀನಿ."

ಆಮೇಲೆ ದನಿ ತಗ್ಗಿಸಿ, "ಇವತ್ತು ಮಗೂಗೆ ಹೆಸರಿಡೋದಂತಲ್ಲ ಸ್ವಾಮಿ. ಹತ್ಕೊಳಿ, ಮೆತ್ತಗೆ ಓಡಿಸ್ತೀನಿ," ಎಂದ.

ಶ್ರೀನಿವಾಸಪುರದ ರಸ್ತೆಯಲ್ಲಿ ಹಿಂದೊಮ್ಮೆ ಇಂಥದೇ ಬಂಡಿ ಕಳಚಿ ಇಳಿಜಾರಿನಲ್ಲಿ ಉರುಳಿ, ಕೆಂಡವೆಲ್ಲ ಚೆಲ್ಲಿ ಒಂದು ಹುಲ್ಲಿನ ಮೆದೆ ಸುಟ್ಟುಹೋದದ್ದನ್ನು ನಾನು ಕಂಡಿದ್ದೆ. ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ. ನನಗೂ ಹತ್ತಿಕೊಳ್ಳಬೇಕು ಅನ್ನಿಸಿತು. ಆದರೆ ಬಾಯಿಂದ ಬಂದದ್ದು, "ಇದು ಹೋಗೋ ಹಾಗಿಲ್ಲ. ಜನಾನ ಇಳಿಸು."

ಜನ ಬೈಯುತ್ತ ಇಳಿದರು. ಬೇರೆ ಬಸ್ಸಿಲ್ಲ, ಜಟಕಾ ಒಂದೂ ಸಿಗಲಿಲ್ಲ. ಕೆಲವರು ವಾಪಸು ಹೋದರು. ಉಳಿದವರು ಮಾಸ್ತಿಯ ದಾರಿ ಹಿಡಿದು ನಡೆದರು. ಅವರ ಹಿಂದೆ ನಾನೂ ಹೊರಟೆ.

ಒಬ್ಬ ಮುದುಕಿ ಮಾತ್ರ ಒಂದು ಕಲ್ಲುಗುಂಡಿನ ಪಕ್ಕ ಕುಳಿತೇ ಇದ್ದಳು. ಒರಳಿನಲ್ಲಿ ರುಬ್ಬುವ ಗುಂಡು. ಶಿವಾರಪಟ್ಟಣದಲ್ಲಿ ಮಾಡಿಸಿ ಯಾರದೋ ಗಾಡಿಯಲ್ಲಿ ಮಾಲೂರಿನವರೆಗೆ ತಂದಿದ್ದಳಂತೆ.

"ಏನ್ ನಾಯನಾ, ಬಸ್ಸು ನಿಲ್ಸಿದೋನು ನೀನೇ ತಾನೆ?"

"ಹೌದಜ್ಜಿ."

"ಹಂಗಾದ್ರೆ ಇದನ್ನ ನೀನೇ ಹೊತ್ಕೊ."

ಗುಂಡನ್ನು ಹೆಗಲಿಗೇರಿಸಿಕೊಂಡೆ. ಅಜ್ಜಿ ಕೋಲೂರಿಕೊಂಡು ಪಕ್ಕದಲ್ಲೇ ನಡೆದಳು. ಬಿಸಿಲು ಏರುತ್ತಿತ್ತು. ರಾಗಿ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರು ನೆಟ್ಟಗಾಗಿ ನಿಂತು, ಖಾಕಿ ಬಟ್ಟೆಯವನ ಹೆಗಲ ಮೇಲಿನ ಗುಂಡನ್ನು ನೋಡಿದರು.

"ಯಾಕ್ ನಿಲ್ಸಿದ್ದು? ಅವ್ನು ಕೈ ಬೆಚ್ಚಗೆ ಮಾಡ್ಲಿಲ್ವಾ?"

"ಅದಲ್ಲಜ್ಜಿ. ಕೊಂಡಿ ಬಿರುಕು ಬಿಟ್ಟಿತ್ತು. ದಾರೀಲಿ ಮುರಿದಿದ್ರೆ?"

"ಇಷ್ಟು ದಿನ ಮುರೀಲಿಲ್ವಲ್ಲ."

"ಇವತ್ತು ಮುರೀತಿತ್ತೇನೋ."

"ಏನೋ ಅಂತೀಯ! ಏನೋ ಅನ್ನೋದಕ್ಕೆ ಇಷ್ಟು ಜನಾನ ಬಿಸಿಲಲ್ಲಿ ನಡಸ್ತೀಯ."

ಈ ಹೆಗಲಿನಿಂದ ಆ ಹೆಗಲಿಗೆ ಗುಂಡು ಬದಲಾಯಿಸುತ್ತ ನಡೆದೆ. ಅವಳ ಹಳ್ಳಿ ಮಾಸ್ತಿಗೆ ಮುಂಚೆಯೇ ಸಿಕ್ಕಿತು. ಜಗಲಿಯ ಮೇಲೆ ಗುಂಡು ಇಳಿಸಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಅಜ್ಜಿ ಮಜ್ಜಿಗೆ ತಂದುಕೊಟ್ಟು, ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದಳು. ಹೇಳಿದೆ.

"ಅಯ್ಯೋ ನಿನ್ನ! ಮೊದ್ಲೇ ಹೇಳೋಕೇನಾಗಿತ್ತು? ಗುಂಡು ಅಲ್ಲೇ ಬಿಟ್ಟು ಬರ್ತಿದ್ದೆ. ಹೋಗು, ಹೋಗು, ನಿಲ್ಬೇಡ," ಎಂದು ನನ್ನ ಬೆನ್ನಿಗೆ ಕೈಕೊಟ್ಟು ನೂಕಿದಳು.

ಮಾಸ್ತಿ ತಲುಪಿದಾಗ ಊಟದ ಎಲೆಗಳನ್ನು ಎತ್ತುತ್ತಿದ್ದರು. ಮುಹೂರ್ತ ಮೀರುತ್ತದೆಂದು ಮಾವನವರೇ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದರು. ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದ ಹೆಸರಲ್ಲ, ಮಾವನವರ ತಾಯಿಯ ಹೆಸರು.

ಕೋಣೆಯಲ್ಲಿ ಹೆಂಡತಿ ಕೇಳಿದಳು: "ಬಸ್ಸು ಕೆಟ್ಟಿತ್ತಾ?"

"ಇಲ್ಲ. ನಾನೇ ನಿಲ್ಲಿಸಿದೆ."

ಅವಳು ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, "ಕೈಕಾಲು ತೊಳ್ಕೊಂಡು ಬನ್ನಿ, ಎತ್ಕೊಳೋರಂತೆ," ಎಂದಳು.

ತೊಳೆದುಕೊಂಡು ಬಂದೆ. ಗುಂಡು ಹೊತ್ತು ಹೆಗಲು ಎರಡೂ ಬಾತು ತೋಳು ಮೇಲೇಳದ್ದರಿಂದ, ಗೋಡೆಗೆ ಒರಗಿ ಕೂತ ಮೇಲೆ ಅವಳೇ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು.

ಬಸ್ಸಿನವನು ವಾರದೊಳಗೆ ಕಮ್ಮಾರನಿಂದ ಹೊಸ ಕೊಂಡಿ ಮಾಡಿಸಿದ. ಸರಪಳಿಯನ್ನೂ ತಂದು ಹಾಕಿದ. ನಾನು ನೋಡಿ ಬರೆದುಕೊಟ್ಟೆ. ಆಮೇಲೆ ಅವನು ನನ್ನ ಮುಂದೆ ನಗಲಿಲ್ಲ. ಹಳೆಯ ಕೊಂಡಿಯನ್ನು ಕಮ್ಮಾರ ಕಾಯಿಸಿ ಕುಡುಗೋಲು ಮಾಡಿದನಂತೆ. ಅದು ಆ ದಿನ ಮುರಿಯುತ್ತಿತ್ತೋ ಇಲ್ಲವೋ ತಿಳಿಯಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಬಂದು ಬಾಲಗಳೆಲ್ಲ ಗುಜರಿಗೆ ಹೋಗುವವರೆಗೂ ಗೋಣಿತಾಟು ಹಾಸಿಕೊಂಡು ಅವುಗಳ ಅಡಿಗೆ ತೂರುತ್ತಲೇ ಇದ್ದೆ.