ಇನಾಸ ಮಾಮ ಬರೆದ ಇಗರ್ಜಿ

ಅಲುಗಾಡುವ ದೋಣಿಯಲ್ಲಿ ಕೂತು ನೆಟ್ಟಗೆ ಗೆರೆ ಎಳೆಯುವವರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ಪಕ್ಕದ ಮನೆಯ ಇನಾಸ ಮಾಮನನ್ನು. ಹೊನ್ನಾವರದ ಬಂದರಿನಲ್ಲಿ ಮೀನುದೋಣಿಗಳಿಗೆ ಹೆಸರು ಬರೆಯುವುದು ಅವರ ಕಸುಬು. ನಾಲಿಗೆಯ ತುದಿ ಹೊರಗೆ ಹಾಕಿ ಬರೆಯಲು ಕೂತರೆ ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ದೋಣಿಯವರು ಅವಸರ ಮಾಡಿದರೆ, "ಗಡಿಬಿಡಿ ಇದ್ರೆ ಸ್ಟಿಕ್ಕರ್ ಅಂಟಿಸ್ಕೊ, ಹೋಗು" ಎಂದು ಬೈದು, ಇನ್ನಷ್ಟು ನಿಧಾನವಾಗಿ ಬರೆಯುತ್ತಿದ್ದರು.

ನಮ್ಮೂರ ಹಳೆಯ ಇಗರ್ಜಿ, ಅಂದರೆ ಚರ್ಚು, ಶರಾವತಿಯ ದಡದಲ್ಲಿದೆ. ಹಿಂದಿನವರು ಪೂಜೆಗೆ ದೋಣಿಯಲ್ಲೇ ಬರುತ್ತಿದ್ದರಿಂದ ಅದರ ಮುಖ ಹೊಳೆಗೆ, ಬೆನ್ನು ಈಗಿನ ರಸ್ತೆಗೆ. ನೆರೆ ಬಂದ ವರ್ಷ ನಮ್ಮ ಮಣ್ಣಿನ ಗೋಡೆಗಳೆಲ್ಲ ಕರಗಿ ಕೂತಾಗ, ಹಿಂದೂ ಕ್ರೈಸ್ತರೆನ್ನದೆ ಕೇರಿಯವರೆಲ್ಲ ಅದರ ಅಟ್ಟ ಹತ್ತಿ ಜೀವ ಉಳಿಸಿಕೊಂಡೆವು. ನೀರು ಇಳಿದ ಮೇಲೆ ಬಿಳಿ ಗೋಡೆಯಲ್ಲಿ ಆಳೆತ್ತರಕ್ಕೆ ಕೆಸರಿನ ಗೆರೆ ಉಳಿಯಿತು. ಇಗರ್ಜಿಯ ಚಿತ್ರ ಬರೆದು ಅದರ ವರ್ಷದ ಹಬ್ಬದ ದಿನ ಒಳಗೆ ತೂಗುಹಾಕುತ್ತೇನೆಂದು ಮಾಮ ಅವತ್ತೇ ಹರಕೆ ಹೊತ್ತರು.

ನನ್ನ ಸಣ್ಣ ದೋಣಿಗೆ ಹೊಳೆಯ ನಡುವೆ ಲಂಗರು ಹಾಕಿ, ಹಲಗೆ ಬಣ್ಣ ಇಟ್ಟುಕೊಂಡು ಕೂತೆವು. "ರಸ್ತೆ ಬದಿಂದ ಬರೀಲಿಕ್ಕೆ ಆಗೂದಿಲ್ವಾ ಮಾಮ? ನಂಗೆ ಸೊಂಟ ನೋವು" ಎಂದೆ.

"ಮದುಮಗಳ ಫೋಟೊ ಬೆನ್ನ ಬದಿಂದ ತೆಗಿತ್ರಾ ಮಾರಾಯಾ?"

ಕೆಸರಿನ ಗೆರೆ ಚಂದ ಕಾಣುವುದಿಲ್ಲ, ಚಿತ್ರದಲ್ಲಿ ಬೇಡ ಎಂದು ಕೆಲವರು ಹೇಳಿ ಕಳಿಸಿದ್ದರು. ಮಾಮ ಮೊದಲು ಬರೆದದ್ದೇ ಅದನ್ನು. "ಇಷ್ಟ್ ನೀರು ಕುಡ್ದೂ ನಿಂತದೆ, ನೋಡು. ಅದ್ನ ಬಿಟ್ರೆ ಮತ್ತೆಂತ ಬರಿಯೂದು?"

ಬಾಗಿಲು ಆಯಿತು, ಎಡಗಡೆಯ ಗೋಪುರ ಆಯಿತು. ಅಷ್ಟರಲ್ಲಿ ಮಾಮನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಅರ್ಧ ಉಳಿಯಿತು. ಅದಾಗಿ ಹೆಚ್ಚು ಕಾಲ ಅವರು ಬದುಕಲಿಲ್ಲ.

ಕೊನೆಯ ಸಲ ಅವರನ್ನು ಎತ್ತಿ ದೋಣಿಯಲ್ಲಿ ಕೂರಿಸಿದ್ದು ಹಬ್ಬದ ಮುನ್ನಾ ದಿನ. ಬೇಡವೆಂದರೂ ಕೇಳಲಿಲ್ಲ. ಕುಂಚವನ್ನು ಎಡಗೈಗೆ ಕೊಟ್ಟೆ. ದೋಣಿ ಅಲುಗಿದಂತೆಲ್ಲ ಕೈಯೂ ಅಲುಗಿತು. ಕುಂಚ ನನಗೇ ಹಿಡಿಸಿ, "ನೀ... ಬರಿ" ಎಂದರು.

ನಾನು ಹುಟ್ಟು ಹಾಕುವವನು. ಅವರು ಬೆರಳು ತೋರಿಸಿದತ್ತ ಎಳೆದೆ. ಬಲಗಡೆಯ ಗೋಪುರ ಕೋಳಿಗೂಡಿನಂತೆ ವಾಲಿತು. ಸರಿಮಾಡಲು ಹೋಗಿ ಇನ್ನೂ ಕೆಡಿಸಿದೆ. ಎದುರಿಗೆ ಇಗರ್ಜಿ ಏನೂ ಆಗದಂತೆ ನಿಂತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಮಾಮ ಸೀಮೆಎಣ್ಣೆಯ ಬಟ್ಟೆ ಎತ್ತಿಕೊಂಡು ನನ್ನ ಗೋಪುರವನ್ನು ಒರೆಸತೊಡಗಿದರು. ಕೈ ಹಿಡಿತಕ್ಕೆ ಸಿಗಲಿಲ್ಲ. ಹಸಿ ಬಣ್ಣವೆಲ್ಲ ಅವರೇ ಬರೆದ ಗೋಪುರದ ಮೇಲೆ ಬಳಿದುಕೊಂಡಿತು.

"ಆತು," ಎಂದರು. "ಮನೆಗೆ ಹೋಗ್ವ."

ಲಂಗರು ಎತ್ತಿದೆ. ದಾರಿಯುದ್ದಕ್ಕೂ ಅವರು ಸತ್ತ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡುವೆ ಕುಂಚ ಸಿಕ್ಕಿಸಲು ನೋಡುತ್ತಿದ್ದರು. ಅದು ಬೀಳುತ್ತಿತ್ತು. ನಾನು ಹುಟ್ಟು ಬಿಟ್ಟು ಹೆಕ್ಕಿ ಕೊಡುತ್ತಿದ್ದೆ.