ಹೊರಟವರನ್ನು ಕೇಳಬಾರದು

ಉಪ್ಪುಂದದ ಕಡಲ ಬದಿಯ ಆ ಕೇರಿಯಲ್ಲಿ ಮನೆಯಿಂದ ಹೊರಟವರನ್ನು ಯಾರೂ ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಾಯಿ ತಡೆಯದವರು ‘ದೂರವಾ?’ ಅನ್ನಬಹುದು, ಅದಕ್ಕಿಂತ ಮುಂದೆ ಹೋಗುವ ಹಾಗಿಲ್ಲ. ಅಪ್ಪಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ತಿರುಗಿ ಒಳಗೆ ಬಂದು, ಕುಳಿತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು.

ಸುಗುಣ ಇದನ್ನು ಕಲಿತದ್ದು ಚಿಕ್ಕಂದಿನಲ್ಲಿ. ಬಲೆ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದ ಅಪ್ಪನನ್ನು ಎಲ್ಲಿಗೆಂದು ಕೇಳಿಬಿಟ್ಟಿದ್ದಳು. ಅಪ್ಪ ಬೈಯಲಿಲ್ಲ. ಬಲೆ ಇಳಿಸಿ ಜಗಲಿಯಲ್ಲಿ ಕುಳಿತ. ನೀರು ಕುಡಿದು ದಡಕ್ಕೆ ಹೋಗುವಷ್ಟರಲ್ಲಿ ದೋಣಿ ಹೋಗಿಯಾಗಿತ್ತು. ಆ ದಿನ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿಯೇ ಗತಿ. ಹೆತ್ತ ಅಬ್ಬಿ ಅವಳ ಕೆನ್ನೆ ಹಿಂಡಿ, "ಹೊರ್ಟವ್ರನ್ನ್ ಕೇಂಬುಕಾಗ ಅಂದ್ ಗೊತ್ತಿಲ್ಯಾ ನಿಂಗೆ?" ಎಂದಳು. ಅಂದಿನಿಂದ ಯಾರಾದರೂ ಚಪ್ಪಲಿ ಮೆಟ್ಟಿದರೆ ಸಾಕು, ಸುಗುಣಳ ಬಾಯಿಗೆ ಬೀಗ.

ಮದುವೆಯಾದದ್ದು ಅದೇ ಊರಿನ ಗೋವರ್ಧನನನ್ನು. ಅವನು ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಾನೆ, ಅವಳು ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಾಳೆ. ವ್ಯಾಪಾರಕ್ಕೆ ಕುಳಿತರೆ ಅವಳು ಬೇರೆಯೇ ಸುಗುಣ, ಮಾತಿಗೆ ಮಾತು, ಯಾರಿಗೂ ಸೊಪ್ಪು ಹಾಕುವವಳಲ್ಲ. ಜೊತೆಗೆ ಇದ್ದವಳು ಓರಗಿತ್ತಿ ಪದ್ದು, ಗೋವರ್ಧನನ ಅಣ್ಣನ ಹೆಂಡತಿ. ಇಬ್ಬರೂ ಬುಟ್ಟಿ ಹೊತ್ತು ಒಂದೇ ಬಸ್ಸು ಹತ್ತುತ್ತಿದ್ದರು. ಪದ್ದು ನಗಲು ತೊಡಗಿದರೆ ಬಸ್ಸಿನ ಹಿಂದಿನ ಸೀಟಿನವರೂ ಕಾರಣ ತಿಳಿಯದೆ ನಗಬೇಕು, ಅಂಥ ನಗು.

ಒಂದು ದಿನ ಅವರಿಬ್ಬರೂ ಇದ್ದ ಕೂಡುಮನೆಯ ಮುಂದೆ ಪ್ರೇಮಾನಂದನ ಬಿಳಿ ಓಮ್ನಿ ಬಂದು ನಿಂತಿತು. ಪ್ರೇಮಾನಂದ ಊರಿಗೆಲ್ಲ ಬೇಕಾದ ಮನುಷ್ಯ. ಯಾರಿಗೆ ಮೈ ಸರಿಯಿಲ್ಲವೆಂಬುದು ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಆರೋಗ್ಯವಿಮೆಯ ಕಾರ್ಡು ತೋರಿಸುವುದು, ಡಾಕ್ಟರ ಎದುರು ಮಾತಾಡುವುದು, ಎಲ್ಲ ಅವನೇ. ಅದರಲ್ಲಿ ಅವನಿಗೇನು ಸಿಗುತ್ತದೆ ಎಂದು ಯಾರೂ ವಿಚಾರಿಸಿದವರಲ್ಲ. ಪದ್ದುವಿಗೆ ಆಗಿನ್ನೂ ಮೂವತ್ತು ದಾಟಿತ್ತಷ್ಟೆ. ಬಿಳಿಮುಟ್ಟು ಹೋಗುತ್ತದೆಂದು ತೋರಿಸಲು ಹೋದವಳಿಗೆ ಗರ್ಭಕೋಶವನ್ನೇ ತೆಗೆಸಬೇಕೆಂದಿದ್ದರು. ಕೈಚೀಲ ಹಿಡಿದು ಓಮ್ನಿ ಹತ್ತುವಾಗ ಅವಳು ಒಮ್ಮೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ಸುಗುಣಳನ್ನು ನೋಡಿದಳು. ಇಷ್ಟಕ್ಕೆಲ್ಲ ತೆಗೆಸುವುದೇಕೆ, ಇನ್ನೊಬ್ಬರಿಗೆ ತೋರಿಸಬಾರದೇ ಎಂಬ ಮಾತು ಸುಗುಣಳ ಗಂಟಲವರೆಗೆ ಬಂತು. ಹೊರಟವರನ್ನು ಕೇಳಬಾರದಲ್ಲ. ನುಂಗಿಕೊಂಡಳು.

ಪದ್ದು ತಿರುಗಿ ಬಂದಳು. ನಗು ಬರಲಿಲ್ಲ. ಕುಳಿತಲ್ಲೇ ಮೈ ಕೆಂಡವಾಗಿ ಬೆವರು ಇಳಿಯುವುದು, ಬುಟ್ಟಿ ಎತ್ತಹೋದರೆ ಸೊಂಟ ಹಿಡಿಯುವುದು, ಅನ್ನ ಬಡಿಸುತ್ತ ಬಡಿಸುತ್ತ ಅಳುವುದು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ, ಇನ್ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ. ಅವರು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ. ನಮ್ಮ ಜನವೇ ಹೀಗೆ. ಬಂಗುಡೆ ಕೊಳ್ಳುವಾಗ ಕಿವಿರು ಬಿಡಿಸಿ ನೋಡುತ್ತಾರೆ, ಹೊಟ್ಟೆ ಕೊಯ್ಯುವವರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ನೆನೆದರೆ ಮೈ ಉರಿಯುತ್ತದೆ.

ಆಮೇಲೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿಬಂದರು. ತಿರುವಿನಲ್ಲಿ ಬಿಳಿ ಓಮ್ನಿ ಕಂಡರೆ ಮೀನು ಒಣಹಾಕುವವರ ಕೈ ನಿಲ್ಲುತ್ತಿತ್ತು. ತಮ್ಮ ಮನೆ ದಾಟಿ ಅದು ಮುಂದೆ ಹೋದ ಮೇಲೆ ಮತ್ತೆ ಕೆಲಸ. ಯಾರ ಮನೆಯ ಮುಂದೆ ನಿಂತಿತೆಂದು ಕತ್ತು ಚಾಚಿ ನೋಡುವರು, ಏಕೆ ನಿಂತಿತೆಂದು ಮಾತ್ರ ಕೇಳರು.

ಹೋದ ವರ್ಷ ಸುಗುಣಳ ಸರದಿ. ನಲವತ್ತು ದಾಟಿದವಳಿಗೆ ಕೆಲವು ತಿಂಗಳಿಂದ ಮುಟ್ಟು ವಿಪರೀತ ಹೋಗತೊಡಗಿತ್ತು. ಯಾರಿಗೂ ಹೇಳದೆ ಸಹಿಸಿದ್ದಳು. ಒಂದು ದಿನ ಪೇಟೆಯಲ್ಲಿ ತಲೆ ತಿರುಗಿ ಬಿದ್ದಳು. ಸಂಜೆಯೊಳಗೆ ಪ್ರೇಮಾನಂದ ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರರು ಅವಳ ಮುಖ ನೋಡಲಿಲ್ಲ. "ಗಡ್ಡೆ ಇದೆ. ಮಕ್ಕಳಾಗಿದ್ದಾರಲ್ಲ, ಇನ್ನು ಗರ್ಭಕೋಶ ಇಟ್ಟುಕೊಂಡು ಏನು ಮಾಡ್ತೀರಿ? ನಾಳೆ ಕ್ಯಾನ್ಸರ್ ಆದರೆ ನನ್ನನ್ನು ಕೇಳಬೇಡಿ," ಎಂದರು. ಆಪರೇಷನ್ನಿಗೆ ಗುರುವಾರ ನಿಗದಿಯಾಯಿತು.

ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಬಂದು ಕುಳಿತದ್ದೇ, ಗೋವರ್ಧನ ಬೋಟಿಗೆ ಹೋಗುವುದನ್ನು ಬಿಟ್ಟ. ಟಿವಿ ಹಾಕುವವರಿಲ್ಲ, ದೊಡ್ಡ ದನಿಯಲ್ಲಿ ಮಾತಾಡುವವರಿಲ್ಲ. ಊಟ ಬಡಿಸುತ್ತ ಸುಗುಣ ಮೆಲ್ಲಗೆ ಹೇಳಿ ನೋಡಿದಳು. "ಬೇರೆ ಡಾಕ್ಟ್ರಿಗೆ ಒಂದ್ ಸಲ ತೋರ್ಸುವನಾ?"

"ಪ್ರೇಮಾನಂದಣ್ಣ ಎಲ್ಲಾ ಮಾಡಿ ಇಟ್ಟಿದ್ರ್. ಈಗ ಬೇಡ ಅಂದ್ರೆ ಅವ್ರಿಗೆ ಬೇಜಾರಾತ್," ಎಂದ ಗೋವರ್ಧನ.

ಹೆಂಡತಿಯ ಒಡಲಿಗಿಂತ ಪ್ರೇಮಾನಂದನ ಬೇಜಾರು ದೊಡ್ಡದಾಯಿತು. ಹಾಗೆಂದು ಗೋವರ್ಧನ ಕೆಟ್ಟವನಲ್ಲ. ಹೆದರಿದ್ದ, ಹೆದರಿದವರಿಗೆ ಯಾರಾದರೂ ಕೈಹಿಡಿದು ಎಳೆದುಕೊಂಡು ಹೋದರೆ ಸಾಕಾಗಿರುತ್ತದೆ.

ಗುರುವಾರ ಬೆಳಿಗ್ಗೆ ಓಮ್ನಿ ಬಂತು. "ಹ್ವಾಯ್, ಹೊರ್ಟಾಯ್ತಾ?" ಎಂದು ಪ್ರೇಮಾನಂದ ಒಳಗಿನಿಂದಲೇ ಕರೆದ. ಸುಗುಣ ಕೈಚೀಲ ಹಿಡಿದು ಮೆಟ್ಟಿಲಿಳಿದಳು. ಅಕ್ಕಪಕ್ಕದ ಮನೆಗಳ ಬಾಗಿಲಲ್ಲಿ ಹೆಂಗಸರು ಬಂದು ನಿಂತರು. ಓಮ್ನಿಯ ಬಾಗಿಲು ತೆರೆದಿತ್ತು. ಯಾರಾದರೂ ಏನಾದರೂ ಕೇಳಬಾರದೇ ಎಂದು ಸುಗುಣಳ ಜೀವ ಹೊಡೆದುಕೊಂಡಿತು.

"ಸುಗುಣ, ನೀ ಎಲ್ಲಿಗ್ ಹೊರ್ಟದ್?"

ಪದ್ದು. ಸೊಂಟಕ್ಕೆ ಕೈಕೊಟ್ಟು ಜಗಲಿಯ ಕಂಬ ಹಿಡಿದು ನಿಂತಿದ್ದಳು. ‘ದೂರವಾ’ ಅನ್ನಲಿಲ್ಲ. ಇಡೀ ಕೇರಿಗೆ ಕೇಳುವ ಹಾಗೆ, ಕೇಳಬಾರದ್ದನ್ನೇ ಕೇಳಿದ್ದಳು.

"ಅತ್ತಿಗೆ, ನಿಮ್ಗೆಂತ ಮರ್ಲಾ?" ಎಂದ ಗೋವರ್ಧನ. ಮುಖ ಬಿಳಿಚಿಕೊಂಡಿತ್ತು. ಪ್ರೇಮಾನಂದ ಓಮ್ನಿಯಿಂದ ಇಳಿದು ಬಂದು ನಕ್ಕ. "ಈಗಿನ್ ಕಾಲ್ದಲ್ಲಿ ಅದನ್ನೆಲ್ಲ ಯಾರ್ ಕಾಣ್ತ್ರ್? ಹತ್ತಿ, ಹತ್ತಿ." ಆದರೆ ಗೋವರ್ಧನ ಕಡಲಿನವನು. ಇದಕ್ಕಿಂತ ಚಿಕ್ಕ ಮಾತಿಗೆ ದಡದಿಂದ ತಿರುಗಿ ಬಂದವನು. ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ಜಗಲಿಯಲ್ಲಿಟ್ಟ.

ಸುಗುಣ ಕುಳಿತಳು. ಪದ್ದು ತಂದುಕೊಟ್ಟ ನೀರನ್ನು ಕುಡಿದಳು. ಲೋಟ ಕೆಳಗಿಟ್ಟು ಪ್ರೇಮಾನಂದನನ್ನೇ ನೋಡಿದಳು. "ಗಡ್ಡಿ ಎಷ್ಟ್ ದೊಡ್ಡದ್?"

ಅವನಿಗೆ ಗೊತ್ತಿರಲಿಲ್ಲ.

"ಮದ್ದಲ್ಲಿ ಗುಣ ಆತಿಲ್ಯಾ? ತೆಗಿದೇ ಇದ್ರೆ ಎಂತ ಆತ್? ತೆಗುದಾದ್ರೆ ಎಂತೆಂತ ತೆಗಿತ್ರ್?"

ಪ್ರೇಮಾನಂದ ಗೋವರ್ಧನನನ್ನು ನೋಡಿದ, ಗೋವರ್ಧನ ನೆಲ ನೋಡಿದ. ಅವಳನ್ನು ಮೇಜಿನ ಮೇಲೆ ಮಲಗಿಸಲು ಹೊರಟವರಿಬ್ಬರಿಗೂ ಒಂದೂ ಗೊತ್ತಿರಲಿಲ್ಲ.

"ಗೊತ್ತಾಪಲ್ಲಿವರೆಗೆ ನಾನ್ ಬತ್ತಿಲ್ಲೆ," ಎಂದಳು ಸುಗುಣ.

ಪ್ರೇಮಾನಂದನ ನಗು ಅಲ್ಲಿಗೆ ಮುಗಿಯಿತು. ಓಮ್ನಿ ಹತ್ತಿ ಬಾಗಿಲು ಎಳೆದುಕೊಳ್ಳುತ್ತ, "ನಾಳೆ ಎಂತಾರೂ ಆರೆ ನನ್ನ್ ಕೇಂಬುಕಾಗ," ಎಂದು ಹೇಳಿ ಹೋದ.

ಆ ಮಾತು ಅವಳನ್ನು ಬಿಡಲಿಲ್ಲ. ಪೇಟೆಯಲ್ಲಿ ಅವಳ ಹತ್ತಿರ ಮೀನು ಕೊಳ್ಳುವ ನರ್ಸಮ್ಮ ಒಬ್ಬರು ಬ್ರಹ್ಮಾವರದ ಲೇಡಿ ಡಾಕ್ಟರ ಹೆಸರು ಹೇಳಿದರು. ಆ ಡಾಕ್ಟರಮ್ಮ ಗರ್ಭಕೋಶದ ಒಳಗಿನ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ದಿನಗಳನ್ನು ಸುಗುಣ ಹೇಗೆ ಕಳೆದಳೋ ಅವಳಿಗೇ ಗೊತ್ತು. ಹೊಟ್ಟೆಯಲ್ಲಿ ಸ್ವಲ್ಪ ಹಿಡಿದಂತಾದರೂ ಪ್ರೇಮಾನಂದನ ಮಾತು ನಿಜವಾಯಿತೆಂದುಕೊಳ್ಳುತ್ತಿದ್ದಳು. ನೆರೆಯವರು ಬಾವಿಕಟ್ಟೆಯಲ್ಲಿ ಅವಳು ಬಂದೊಡನೆ ಮಾತು ನಿಲ್ಲಿಸುತ್ತಿದ್ದರು, ನೀರು ಕುಡಿದ ಮೇಲೂ ಹೊರಡದೆ ಆಪರೇಷನ್ ಬಿಟ್ಟವಳು ಉಳಿಯುತ್ತಾಳೆಯೇ ಎಂಬಂತೆ.

ಉತ್ತರ ಕೇಳಲು ಪದ್ದುವೂ ಜೊತೆಗೆ ಹೋದಳು.

"ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರಮ್ಮ. "ಗಡ್ಡೆ ಹೌದು, ಲಿಂಬೆಹಣ್ಣಿನಷ್ಟು. ಮಾತ್ರೆ ಕೊಡ್ತೇನೆ, ರಕ್ತಕ್ಕೆ ಕಬ್ಬಿಣದ ಮಾತ್ರೆಯೂ ಬೇಕು. ಮುಟ್ಟು ನಿಲ್ಲುವ ವಯಸ್ಸಿಗೆ ಇಂಥವು ಕುಗ್ಗುವುದೂ ಉಂಟು. ಮೂರು ತಿಂಗಳಿಗೆ ಬನ್ನಿ. ಅಷ್ಟರಲ್ಲಿ ಜಾಸ್ತಿ ಹೋದರೆ ಕಾಯಬೇಡಿ, ಕೂಡಲೇ ಬನ್ನಿ. ಆಪರೇಷನ್ ಬೇಕೇ ಬೇಕು ಅಂತಾದರೆ ಆಗ ಏಕೆ ಬೇಕು ಅಂತ ನಾನೇ ಕೂರಿಸಿ ಹೇಳ್ತೇನೆ." ಸುಗುಣ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೊನೆಗೆ, "ಇನ್ನೇನಾದರೂ ಕೇಳುವುದಿದೆಯಾ?" ಎಂದರು.

ಪದ್ದು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು.

ಬಸ್ಸಿನಲ್ಲಿ ಸುಗುಣಳಿಗೆ ಎದೆ ಹಗುರಾಗಿ ಅಳುವೇ ಬಂತು. ಕುಂದಾಪುರ ದಾಟಿತು. ಮರವಂತೆಯಲ್ಲಿ ಕಡಲು ಕಾಣುವಾಗ ಪ್ರೇಮಾನಂದನ ಬಿಳಿ ಓಮ್ನಿ ಎದುರಿನಿಂದ ಬಂದು ಕುಂದಾಪುರದ ಕಡೆಗೆ ಸಾಗಿತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕುಳಿತಿದ್ದಳು. ಯಾರೆಂದು ಗುರುತು ಹತ್ತಲಿಲ್ಲ. ಪದ್ದು ಅದು ಮರೆಯಾಗುವ ತನಕ ಕತ್ತು ತಿರುಗಿಸಿ ನೋಡಿದಳು.

"ಸುಗುಣ, ಆವತ್ ನಂದ್ ತೆಗಿದೇ ಇದ್ರೂ ಆತಿತ್ತಾ?"

ಡಾಕ್ಟರಮ್ಮನ ಬಳಿ ಅಷ್ಟೆಲ್ಲ ಕೇಳಿದ ಸುಗುಣ ಇದೊಂದನ್ನು ಕೇಳಿರಲಿಲ್ಲ. "ಗೊತ್ತಿಲ್ಲೆ ಅಕ್ಕ," ಎಂದಳು.

"ನಾನ್ ಹೊರ್ಡುವಾಗ ನೀ ಬಾಗ್ಲ್ ಹತ್ರವೇ ನಿಂತಿದ್ದೆ," ಎಂದಳು ಪದ್ದು. ಬೈಯುವ ದನಿ ಅದಾಗಿರಲಿಲ್ಲ.

ಸುಗುಣ ಅವಳ ಕೈ ಹಿಡಿಯಹೋದಳು. ಪದ್ದು ಕೈ ಬಿಡಿಸಿಕೊಂಡು, ಕಿಟಕಿಯ ಗಾಳಿಗೆ ಮುಖವೊಡ್ಡಿ, ಇಳಿಯುತ್ತಿದ್ದ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳತೊಡಗಿದಳು.