ಗಮ್ಮಣ್ಣನ ಟ್ಯೂಬು, ಅಕ್ಕನ ವ್ಯಾನು

ಇಂಜಿನ್ನು ಬರೀ ಪೆಟ್ರೋಲು ಕುಡಿದು ಬದುಕುವುದಿಲ್ಲ, ಗಾಳಿಯನ್ನೂ ಕುಡಿಯುತ್ತದೆ. ಆ ಗಾಳಿ ಕಳ್ಳದಾರಿಯಲ್ಲಿ ನುಗ್ಗಿದರೆ ನಿಂತಲ್ಲೇ ಸಾಯುತ್ತದೆ. ಗಾಡಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಇಷ್ಟು ಗೊತ್ತಿರಬೇಕಿತ್ತು. ಗೊತ್ತಿಲ್ಲ. ಗೊತ್ತಿಲ್ಲದವರ ದಯೆಯಿಂದಲೇ ಗಮ್ಮಣ್ಣ ಇಷ್ಟು ಕಾಲ ಮೆರೆದದ್ದು.

ಗಮ್ಮಣ್ಣ ಮೆಕ್ಯಾನಿಕ್. ಗಾಳಿ ಒಳಗೆಳೆದುಕೊಳ್ಳುವ ಮ್ಯಾನಿಫೋಲ್ಡು ಎಂಬ ಕೊಳವೆ ಇಂಜಿನ್ನಿಗೆ ಕೂಡುವ ಕಡೆ ತೆಳ್ಳನೆಯ ಪ್ಯಾಕಿಂಗ್ ಒಂದಿರುತ್ತದೆ. ಅದು ಹಳತಾದರೆ ಕಳ್ಳಗಾಳಿ ನುಗ್ಗುವುದು ಅಲ್ಲೇ. ಆಗ ಬಿಚ್ಚಿ, ಎರಡೂ ಮುಖ ಕೆರೆದು ಒರೆಸಿ, ಹೊಸದನ್ನು ಏನೂ ಬಳಿಯದೆ ಕೂರಿಸಬೇಕು. ಅರ್ಧ ದಿನ ಹಿಡಿಯುವ ಕೆಲಸ. ಗಮ್ಮಣ್ಣ ಹಳೆಯದರ ಮೇಲೆಯೇ ಟ್ಯೂಬಿನಿಂದ ಗಮ್ಮು ಹಿಂಡಿ, ಬೋಲ್ಟು ಬಿಗಿದು, ಜೋರಾಗಿ ರೇಸ್ ಕೊಟ್ಟು, ಗರ್ಜನೆ ಕೇಳಿಸಿ ಕಳಿಸುತ್ತಿದ್ದ. ರೇಸ್ ಕೊಟ್ಟಾಗ ಈ ರೋಗ ಅಡಗಿಕೊಳ್ಳುತ್ತದೆ, ಗಾಡಿ ನಿಂತಾಗ ಎದ್ದು ಬರುತ್ತದೆ. ಅಷ್ಟರಲ್ಲಿ ಗಿರಾಕಿ ಮುಂದಿನ ಬೀದಿಯಲ್ಲಿರುತ್ತಾನೆ.

ಮನೆಯಲ್ಲೂ ಅದೇ ಟ್ಯೂಬು. ಬಕೆಟ್ಟು, ಚಪ್ಪಲಿ, ಕನ್ನಡಕ, ಒಮ್ಮೆ ಮಾವನವರ ಹಲ್ಲುಸೆಟ್ಟು. ಮಾವನಿಗೆ ಕೆಲವು ದಿನ ಬಾಯಿಬಿಡಲಾಗಲಿಲ್ಲ. ಅಳಿಯ ನೆಟ್ಟಗೆ ಮಾಡಿದ ರಿಪೇರಿ ಅದೊಂದೇ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

ಅವನ ಅಕ್ಕ ವ್ಯಾನ್ ಓಡಿಸುತ್ತಾಳೆ. ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಕರೆದೊಯ್ದು ವಾಪಸ್ ಮನೆ ಮುಟ್ಟಿಸುವ ಕೆಲಸ. ಮನೆಮನೆಯ ಮುಂದೆ ನಿಲ್ಲಬೇಕಾದ ಆ ಗಾಡಿ ನಿಂತಾಗಲೇ ನಡುಗಿ ಆರುತ್ತಿತ್ತು. ತಮ್ಮ ಪ್ರತಿಸಲವೂ ಇನ್ನೊಂದು ಸುತ್ತು ಗಮ್ಮು ಹಿಂಡಿ, ನಿನಗೆ ಕ್ಲಚ್ ಬಿಡುವುದಕ್ಕೆ ಬರುವುದಿಲ್ಲ ಎಂದು ಬುದ್ಧಿ ಹೇಳಿ ಕಳಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕು ಮಾಡಿಟ್ಟವನೇ ಕುಣಿಯೋಕೆ ಬರೋದಿಲ್ಲ ಎಂದು ಬೈಯುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ರೈಲ್ವೆ ಗೇಟಿನಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತು, ಅಕ್ಕ ಬ್ರೇಕ್ ಒತ್ತಿದಳು, ವ್ಯಾನು ಹಳಿಯ ಮೇಲೆಯೇ ಆರಿತು. ಒಳಗೆ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಹಣ್ಣುಹಣ್ಣು ಮುದುಕಿ. ಗೇಟಿನ ಗಂಟೆ ಹೊಡೆದುಕೊಳ್ಳತೊಡಗಿದಾಗ ಗೇಟಿನವನೂ ಸೈಕಲ್ಲಿನವರಿಬ್ಬರೂ ಸೇರಿ ತಳ್ಳಿ ಆಚೆ ಹಾಕಿದರು. ಅಜ್ಜಿಯನ್ನು ಮನೆ ಸೇರಿಸಿ ಅಕ್ಕ ನೆಟ್ಟಗೆ ಗ್ಯಾರೇಜಿಗೆ ಬಂದಳು. ಗಮ್ಮಣ್ಣ ಸೀಟಿಗೆ ಹತ್ತಿ ರೇಸ್ ಕೊಟ್ಟ.

"ನೋಡಕ್ಕ, ಹುಲಿ."

"ಹುಲಿ ಆಮೇಲೆ. ಕಾಲು ತೆಗಿ."

ತೆಗೆದ. ವ್ಯಾನು ಗಡಗಡ ನಡುಗಿ, ಬಿಕ್ಕಿ, ಸತ್ತಿತು.

"ಪೆಟ್ರೋಲಲ್ಲಿ ಕಸ ಇರಬೇಕು."

"ಕಸ ಎಲ್ಲಿದೆ ಅಂತ ನಂಗೊತ್ತು. ಹಳಿ ಮೇಲೆ ಆ ಅಜ್ಜಿ ನನ್ ಕೈ ಹಿಡ್ಕೊಂಡು ಏನಂದ್ರು ಗೊತ್ತೇನೋ? ನೀನು ಇಳ್ಕೊಂಡು ಓಡು ಮಗಳೇ, ನಂದು ಹೇಗೂ ಮುಗೀತು ಅಂತ. ಬಿಚ್ಚು."

ಬಿಚ್ಚಿದ. ಪೆಟ್ರೋಲು ಕುಡಿದು ಊದಿದ ಗಮ್ಮು ಪದರಪದರವಾಗಿ ಕಿತ್ತು ಬಂತು, ಯಾರೋ ಅಗಿದು ಉಗಿದಂತೆ. ಒಂದು ಎಳೆ ಕೊಳವೆಯ ಒಳಗೇ ಜೋತು, ಇಂಜಿನ್ನಿನ ಹೊಟ್ಟೆಗೆ ಹೋಗಲು ತಯಾರಾಗಿತ್ತು. ಗಮ್ಮಣ್ಣ ಕೆರೆದ, ಒರೆಸಿದ, ಸ್ಟೀಲಿನ ಅಳತೆಪಟ್ಟಿ ಇಟ್ಟು ಮುಖ ಸಮ ಇದೆಯೇ ನೋಡಿದ, ಹೊಸ ಪ್ಯಾಕಿಂಗ್ ಕೂರಿಸಿ ನಡುವಿನ ಬೋಲ್ಟಿನಿಂದ ಶುರುಮಾಡಿ ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದ. ಕೆಲಸ ಬರುತ್ತಿತ್ತು ನೋಡಿ ಅವನಿಗೆ, ಮೊದಲಿಂದಲೂ.

ಕಾದು ಬೇಸತ್ತ ಸ್ಕೂಟರಿನವನೊಬ್ಬ ರಾಗ ಎಳೆದ: "ನಂದಕ್ಕೆ ಒಂಚೂರು ಗಮ್ ಹಚ್ಚಿ ಕಳಿಸಿಬಿಡಣ್ಣ, ಅರ್ಜೆಂಟು."

ಅಕ್ಕ ಬೆಂಚಿನಿಂದಲೇ ಅಂದಳು: "ಹಚ್ಚಿಸ್ಕೋಪ್ಪ. ರೈಲಿಗೂ ಅರ್ಜೆಂಟೇ ಇರುತ್ತೆ."

ಸಂಜೆ ವ್ಯಾನು ನಿಂತಲ್ಲೇ ಸಣ್ಣಗೆ ಗುನುಗತೊಡಗಿತು. ಅಭ್ಯಾಸಬಲದಿಂದ ರೇಸ್ ಕೊಡಲು ಹೋದ ತಮ್ಮನ ಕಾಲಿಗೆ ಅಕ್ಕ ಒಂದೇಟು ಕೊಟ್ಟಳು.

ಗಮ್ಮಣ್ಣ ಸಂತನಾದ ಎಂದುಕೊಳ್ಳಬೇಡಿ. ಅಕ್ಕನ ವ್ಯಾನಿಗೆ ಆ ಟ್ಯೂಬು ಮುಟ್ಟಿಸುವುದಿಲ್ಲ, ಅಷ್ಟೇ. ಮಿಕ್ಕವರಿಗೆ ಅದು ಇನ್ನೂ ಜೇಬಿನಲ್ಲೇ ಇದೆ, ಯಾಕೆಂದರೆ ನೀವು ಬೇಗ ಬೇಗ ಅನ್ನುತ್ತಲೇ ಇದ್ದೀರಿ. ಹಿಂಡುವ ಕೈ ಅವನದು, ಹಿಂಡಿಸುವ ಬಾಯಿ ನಿಮ್ಮದು. ಮುಂದಿನ ಸಲ ಗಾಡಿ ಬಿಡಿಸಿಕೊಳ್ಳುವಾಗ ಗರ್ಜನೆಗೆ ತಲೆದೂಗಬೇಡಿ. ಕಾಲು ತೆಗಿ ಅನ್ನಿ. ಇಂಜಿನ್ನು ಆರಿದರೆ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತು, ಬಿಚ್ಚಿಸಿ.